ಅಣೆಕಟ್ಟಿನ ನೀರು ತೆರೆಯ ಮೇಲೆ ಹರಿಯಬೇಕಾದರೆ: ವಿಎಫ್‌ಎಕ್ಸ್‌ನಲ್ಲಿ ಇಂಜಿನಿಯರ್‌ಗಳಿಗೆ ಏನು ಕೆಲಸ?

ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ವಿಡಿಯೋವನ್ನು ನಿಮ್ಮಲ್ಲಿ ಹೆಚ್ಚಿನವರು ಫೋನಿನಲ್ಲಿ ನೋಡಿರುತ್ತೀರಿ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಗೇಟು ನೀರು ಪಾಲಾಯಿತು. 33 ಗೇಟುಗಳಲ್ಲಿ ಒಂದು ಹೋಗಿದ್ದಕ್ಕೇ ನದಿಯ ಪಾತ್ರದಲ್ಲಿದ್ದ ಊರುಗಳು ನಿದ್ದೆಗೆಟ್ಟವು. ಈಗ ಒಬ್ಬ ನಿರ್ದೇಶಕರು ಬಂದು, ನನ್ನ ಸಿನಿಮಾಕ್ಕೆ ಇಂಥದ್ದೇ ಒಂದು ಶಾಟ್ ಬೇಕು ಅಂದರು ಅಂತಿಟ್ಟುಕೊಳ್ಳಿ. ಕ್ಯಾಮೆರಾ ಅಣೆಕಟ್ಟಿನ ಕೆಳಗಿದೆ. ಗೇಟು ಬಾಗುತ್ತದೆ, ಕಿತ್ತು ಬರುತ್ತದೆ, ನೀರು ನಮ್ಮ ಕಡೆಗೇ ನುಗ್ಗುತ್ತದೆ. ಐದು ಸೆಕೆಂಡು, ಅಷ್ಟೇ. ನಿಜವಾದ ಅಣೆಕಟ್ಟಿನಲ್ಲಿ ಇದನ್ನು ಶೂಟ್ ಮಾಡುವ ಹಾಗಿಲ್ಲ, ಅಲ್ವಾ? ಹಾಗಾದರೆ ಯಾರು ಮಾಡುತ್ತಾರೆ?

ಈ ಪ್ರಶ್ನೆ ಕೇಳಿದಾಗೆಲ್ಲ ಕಾಲೇಜುಗಳಲ್ಲಿ ಒಂದೇ ಉತ್ತರ ಬರುತ್ತದೆ. ಆರ್ಟಿಸ್ಟ್‌ಗಳು ಮಾಡ್ತಾರೆ ಸರ್, ಚೆನ್ನಾಗಿ ಚಿತ್ರ ಬರೆಯೋರು. ಅದರ ಬೆನ್ನಿಗೇ ಇನ್ನೊಂದು ಮಾತು: ನನಗೆ ಡ್ರಾಯಿಂಗ್ ಬರಲ್ಲ, ಆದ್ದರಿಂದ ಇದು ನನಗಲ್ಲ. ಇದಕ್ಕೆ ವಿರುದ್ಧ ತುದಿಯಲ್ಲಿ ಇನ್ನು ಕೆಲವರಿದ್ದಾರೆ. ವಿಎಫ್‌ಎಕ್ಸ್, ಅಂದರೆ ಸಿನಿಮಾದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಮಾಡುವ ಕೆಲಸ, ಅವರಿಗೆ ಪ್ರಾಣ. ಅದಕ್ಕಾಗಿ ಮೂರನೇ ಸೆಮಿಸ್ಟರ್‌ನಲ್ಲೇ ಇಂಜಿನಿಯರಿಂಗ್ ಬಿಟ್ಟು ಯಾವುದೋ ಇನ್‌ಸ್ಟಿಟ್ಯೂಟ್‌ಗೆ ಸೇರುವ ಯೋಚನೆಯಲ್ಲಿರುತ್ತಾರೆ. ನಾನು ಹೇಳಲು ಬಂದಿರುವುದು ಈ ಇಬ್ಬರಿಗೂ ಸೇರಿಯೇ. ಈ ಕ್ಷೇತ್ರಕ್ಕೆ ಬರುವುದಾದರೆ ಇಂಜಿನಿಯರ್ ಆಗಿಯೇ ಬನ್ನಿ. ನಿಮ್ಮ ಬ್ರ್ಯಾಂಚ್‌ನಲ್ಲಿ ಕಲಿಯುತ್ತಿರುವುದೇ ಅಲ್ಲಿ ಬೇಕಾಗಿದೆ. ಸುಮ್ನೆ ಹುರಿದುಂಬಿಸಲು ಹೇಳುತ್ತಿಲ್ಲ. ಆ ಐದು ಸೆಕೆಂಡನ್ನೇ ಬಿಚ್ಚಿ ತೋರಿಸುತ್ತೇನೆ.

ಮೊದಲು ಜಾಗ. ಚಿತ್ರತಂಡ ಒಂದು ಅಣೆಕಟ್ಟಿನ ಕೆಳಗೆ ಹೋಗಿ ಖಾಲಿ ದೃಶ್ಯ ತೆಗೆದುಕೊಂಡು ಬಂದಿದೆ. ಇದಕ್ಕೆ ಪ್ಲೇಟ್ ಅಂತಾರೆ. ಕ್ಯಾಮೆರಾ ಸ್ವಲ್ಪ ಅಲುಗಾಡುತ್ತಿದೆ, ಹಿಂದಕ್ಕೂ ಸರಿಯುತ್ತಿದೆ. ನಾವು ಕಂಪ್ಯೂಟರಿನಲ್ಲಿ ಮಾಡುವ ನೀರು ಇದೇ ಕ್ಯಾಮೆರಾದ ಕಣ್ಣಿಗೆ ಕಂಡ ಹಾಗಿರಬೇಕು. ಹಾಗಾಗಿ ಪ್ರತಿ ಫ್ರೇಮಿನಲ್ಲೂ ಕ್ಯಾಮೆರಾ ಎಲ್ಲಿತ್ತು, ಯಾವ ಕಡೆ ತಿರುಗಿತ್ತು, ಲೆನ್ಸ್ ಎಷ್ಟು ಬಾಗಿಸಿ ತೋರಿಸುತ್ತದೆ ಎಂದು ಕಂಡುಹಿಡಿಯಬೇಕು. ಈ ಕೆಲಸಕ್ಕೆ ಮ್ಯಾಚ್‌ಮೂವ್ ಎಂದು ಹೆಸರು. ಸಿವಿಲ್‌ನವರು ಕೇಳಿ. ದೊಡ್ಡ ಚಿತ್ರಗಳ ಸೆಟ್‌ನಲ್ಲಿ ಇದಕ್ಕಾಗಿ ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣ ಇಟ್ಟು ಸರ್ವೆ ಮಾಡುತ್ತಾರೆ. ಲೇಸರ್‌ನಿಂದ ದೂರ ಅಳೆಯುವ ಲೈಡಾರ್ ಸ್ಕ್ಯಾನರ್ ಇಟ್ಟು ಇಡೀ ಜಾಗವನ್ನು ಕೋಟ್ಯಂತರ ಬಿಂದುಗಳಾಗಿ ಹಿಡಿದು ತರುತ್ತಾರೆ. ನೀವು ಸರ್ವೆ ಕ್ಯಾಂಪ್‌ನಲ್ಲಿ ಬಿಸಿಲಲ್ಲಿ ನಿಂತು ಮಾಡಿದ ಕೆಲಸವೇ ಇದು. ಆ ಬಿಂದುಗಳಿಂದ ಕ್ಯಾಮೆರಾದ ಜಾಗ ಲೆಕ್ಕ ಹಾಕುವುದು ಲೀಸ್ಟ್ ಸ್ಕ್ವೇರ್ಸ್ ಲೆಕ್ಕ. ಸರ್ವೆಯ ತಪ್ಪುಗಳನ್ನು ಹಂಚಿ ಸರಿಮಾಡುವ ಅಡ್ಜಸ್ಟ್‌ಮೆಂಟ್ ಲೆಕ್ಕ ಕಲಿತವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಸಾಫ್ಟ್‌ವೇರ್ ಬಹಳಷ್ಟನ್ನು ತಾನೇ ಮಾಡುತ್ತದೆ, ನಿಜ. ಅದು ಕೈಕೊಟ್ಟ ದಿನ ಯಾಕೆ ಕೈಕೊಟ್ಟಿತು ಅಂತ ಹೇಳಲು ಲೆಕ್ಕ ಗೊತ್ತಿರುವವರೇ ಬೇಕು.

ಆಮೇಲೆ ಗೇಟು. ಉಕ್ಕಿನ ಹಾಳೆ, ಹಿಂದೆ ತೊಲೆಗಳು. ನೀರಿನ ಒತ್ತಡಕ್ಕೆ ಅದು ಹೇಗೆ ಬಾಗುತ್ತದೆ, ಎಲ್ಲಿ ಮೊದಲು ಸೀಳುತ್ತದೆ? ಮೆಕ್ಯಾನಿಕಲ್‌ನವರು ಇದನ್ನು ಎಫ್‌ಇಎಂನಲ್ಲಿ, ಅಂದರೆ ವಸ್ತುವನ್ನು ಸಣ್ಣ ತುಂಡುಗಳಾಗಿ ಮಾಡಿ ಲೆಕ್ಕ ಹಾಕುವ ವಿಧಾನದಲ್ಲಿ, ನೋಡಿದ್ದೀರಿ. ಸಿನಿಮಾದಲ್ಲೂ ಅದೇ ವಿಧಾನದ ಹಗುರವಾದ ರೂಪಗಳು ಬಳಕೆಯಲ್ಲಿವೆ. ಸ್ಟ್ರೆಸ್ ಎಷ್ಟು ಮೆಗಾಪ್ಯಾಸ್ಕಲ್ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನೋಡಿದರೆ ಉಕ್ಕು ಅನ್ನಿಸಬೇಕು, ತಗಡು ಅನ್ನಿಸಬಾರದು.

ಇನ್ನು ನೀರು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನಗೆ ತುಂಬ ಇಷ್ಟವಾದ ಭಾಗ ಇದು.

ನೀರನ್ನು ಕೈಯಲ್ಲಿ ಅನಿಮೇಟ್ ಮಾಡಲು ಆಗುವುದಿಲ್ಲ. ಸಮೀಕರಣ ಬಿಡಿಸಿಯೇ ಹರಿಸಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನೀವು ಬಾಯಿಪಾಠ ಮಾಡಿದ ನೇವಿಯರ್-ಸ್ಟೋಕ್ಸ್ ಸಮೀಕರಣವೇ ಅದು. ಇಂಥ ದೊಡ್ಡ ನೀರಿಗೆ ಸ್ನಿಗ್ಧತೆಯ ಪದವನ್ನು, ಅಂದರೆ ವಿಸ್ಕಾಸಿಟಿಯನ್ನು, ಸಾಮಾನ್ಯವಾಗಿ ಕೈಬಿಡುತ್ತಾರೆ. ಈಗ ಜಾಗವನ್ನು ಸಣ್ಣ ಸಣ್ಣ ಘನಗಳಾಗಿ ಕತ್ತರಿಸಿ. ಉದ್ದ, ಅಗಲ, ಎತ್ತರ ಮೂರೂ 30 ಮೀಟರ್ ಇರುವ ಜಾಗಕ್ಕೆ 10 ಸೆಂಟಿಮೀಟರ್ ಘನಗಳು ಅಂದರೆ 300 × 300 × 300. ಒಟ್ಟು 2.7 ಕೋಟಿ. ಪ್ರತಿ ಘನದಲ್ಲೂ ಒತ್ತಡ ಎಷ್ಟು ಅನ್ನುವುದು ಒಂದೊಂದು ಗೊತ್ತಿಲ್ಲದ ಸಂಖ್ಯೆ. ಮ್ಯಾಥ್ಸ್‌ನಲ್ಲಿ ಮೂರು ಸಮೀಕರಣ, ಮೂರು ಅಜ್ಞಾತಗಳನ್ನು ಗಾಸ್-ಸೀಡೆಲ್ ವಿಧಾನದಲ್ಲಿ ಬಿಡಿಸಿದ್ದು ನೆನಪಿದೆಯಾ? ಯಾವ ಕಾಲಕ್ಕೆ ಬರುತ್ತೆ ಇದು ಅಂತ ಬೈದುಕೊಂಡಿರುತ್ತೀರಿ. ಅಂಥದ್ದೇ ವಿಧಾನಗಳಲ್ಲಿ ಈ ಕೋಟಿಗಟ್ಟಲೆ ಅಜ್ಞಾತಗಳನ್ನು ಒಂದೊಂದು ಫ್ರೇಮಿಗೂ ಕೆಲವು ಸಲ ಬಿಡಿಸಬೇಕು.

ಡೈರೆಕ್ಟರು ಬಂದು ಹನಿಗಳು ಸಾಲದು, ವಿವರ ಬೇಕು ಅಂತಾರೆ. ಘನವನ್ನು 10ರಿಂದ 5 ಸೆಂಟಿಮೀಟರ್‌ಗೆ ಇಳಿಸುತ್ತೀರಿ. ಮೂರು ದಿಕ್ಕಿನಲ್ಲೂ ಎರಡು ಪಟ್ಟು, ಅಂದರೆ ಮೆಮೊರಿ 8 ಪಟ್ಟು. ಘನ ಚಿಕ್ಕದಾದಾಗ ಕಾಲದ ಹೆಜ್ಜೆಯೂ ಅರ್ಧವಾಗಬೇಕು. ಒಂದು ಹೆಜ್ಜೆಯಲ್ಲಿ ನೀರು ಹೆಚ್ಚು ಘನಗಳನ್ನು ಹಾರಿಹೋಗಬಾರದು ಅನ್ನುವ ಸಿಎಫ್‌ಎಲ್ ನಿಯಮ ಇದು. ಒಟ್ಟು ಲೆಕ್ಕ ಸುಮಾರು 16 ಪಟ್ಟು. ನಿನ್ನೆ ಒಂದು ಗಂಟೆಯಲ್ಲಿ ಮುಗಿದದ್ದು ಇವತ್ತು 16 ಗಂಟೆ ಹಿಡಿಯುತ್ತದೆ. ಇದನ್ನು ಮೊದಲೇ ಬಾಯಿಲೆಕ್ಕದಲ್ಲಿ ಹೇಳಬಲ್ಲವರು ತಂಡದಲ್ಲಿದ್ದರೆ ಎಷ್ಟು ರಾತ್ರಿಗಳು ಉಳಿಯುತ್ತವೆ ಗೊತ್ತಾ?

ಸಿನಿಮಾದ ನೀರಿಗೆ ಈಗ ಹೆಚ್ಚಾಗಿ ಬಳಸುವ ವಿಧಾನದ ಹೆಸರು ಫ್ಲಿಪ್. ಇದು ಹುಟ್ಟಿದ್ದು ಸಿನಿಮಾಕ್ಕಲ್ಲ. 1986ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಬ್ರ್ಯಾಕ್‌ಬಿಲ್ ಮತ್ತು ರುಪೆಲ್ ಅದನ್ನು ಪ್ರಕಟಿಸಿದರು. 2005ರಲ್ಲಿ ಝು ಮತ್ತು ರಾಬರ್ಟ್ ಬ್ರಿಡ್ಸನ್ ಅದನ್ನು ಗ್ರಾಫಿಕ್ಸ್‌ಗೆ ತಂದರು. ಹಿಮಕ್ಕೆ ಬಳಸುವ ಮೆಟೀರಿಯಲ್ ಪಾಯಿಂಟ್ ವಿಧಾನದ ಕಥೆಯೂ ಹೀಗೇ. ಅದು ಘನವಸ್ತುಗಳು ಜಜ್ಜಿ, ಮುರಿದು ಹೋಗುವುದನ್ನು ಲೆಕ್ಕ ಹಾಕಲು ಇಂಜಿನಿಯರ್‌ಗಳು ಮಾಡಿಕೊಂಡದ್ದು. ಭೂಕುಸಿತದ ಲೆಕ್ಕಕ್ಕೂ ಅದನ್ನು ಬಳಸುತ್ತಾರೆ. 2013ರಲ್ಲಿ ಡಿಸ್ನಿ ಮತ್ತು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸಂಶೋಧಕರು ಅದೇ ವಿಧಾನದಲ್ಲಿ ಹಿಮ ಮಾಡಿ ತೋರಿಸಿದರು. ಕೊಡಗಿನ ಗುಡ್ಡ ಜಾರುವುದನ್ನು ಓದಲು ಬೇಕಾದ ಗಣಿತ ಮತ್ತು ಮಕ್ಕಳ ಸಿನಿಮಾದ ಹಿಮಕ್ಕೆ ಬೇಕಾದ ಗಣಿತ ಒಂದೇ. ನನಗೆ ಈಗಲೂ ಇದು ಬೆರಗು.

ನೀರಿನ ವಿಷಯದಲ್ಲಿ ಹೊಸಬರು ಕೇಳುವ ಮೊದಲ ಟೀಕೆ ಯಾವುದು ಗೊತ್ತಾ? ನೀರು ಚಿಕ್ಕದಾಗಿ ಕಾಣ್ತಾ ಇದೆ. ಅಣೆಕಟ್ಟೇ ಒಡೆದಿದೆ, ಆದರೂ ಬಚ್ಚಲಲ್ಲಿ ಬಕೆಟ್ ಬಗ್ಗಿಸಿದ ಹಾಗಿದೆ. ಯಾಕೆ ಹೀಗೆ? ಲೆಕ್ಕ ನೋಡಿ. 20 ಮೀಟರ್ ಎತ್ತರದಿಂದ ಬಿದ್ದ ನೀರು ಕೆಳಗೆ ಮುಟ್ಟಲು ಸುಮಾರು 2 ಸೆಕೆಂಡು ಬೇಕು. ಅದರ ಹದಿನಾರನೇ ಒಂದು ಭಾಗ, ಅಂದರೆ 1.25 ಮೀಟರ್‌ನಿಂದ ಬಿದ್ದರೆ ಅರ್ಧ ಸೆಕೆಂಡು. ಎತ್ತರ 16 ಪಟ್ಟು ಕಡಿಮೆಯಾದರೆ ಕಾಲ 4 ಪಟ್ಟು ಕಡಿಮೆ. ನಮ್ಮ ಕಣ್ಣು ಹುಟ್ಟಿದಾಗಿನಿಂದ ನೀರು ಬೀಳುವುದನ್ನು ನೋಡಿದೆ. ಬೇಗ ಬಿದ್ದರೆ ಚಿಕ್ಕ ನೀರು, ನಿಧಾನವಾಗಿ ಬಿದ್ದರೆ ದೊಡ್ಡ ನೀರು ಅಂತ ಅದಕ್ಕೆ ಗೊತ್ತು. ಸಾಫ್ಟ್‌ವೇರ್‌ನಲ್ಲಿ ಅಣೆಕಟ್ಟನ್ನು 20 ಮೀಟರ್ ಬದಲು 1 ಮೀಟರ್ ಎತ್ತರಕ್ಕೆ ಕಟ್ಟಿಟ್ಟರೆ ನೀರು ಆಟಿಕೆಯ ನೀರೇ ಆಗುತ್ತದೆ.

ಕಂಪ್ಯೂಟರ್ ಬರುವ ಮುಂಚೆ ಸಿನಿಮಾದವರು ಇದೇ ಲೆಕ್ಕವನ್ನು ತಿರುಗಿಸಿ ಹಾಕುತ್ತಿದ್ದರು. ಹದಿನಾರನೇ ಒಂದು ಅಳತೆಯ ಮಾದರಿ ಅಣೆಕಟ್ಟು ಕಟ್ಟಿ, ಸೆಕೆಂಡಿಗೆ 24ರ ಬದಲು 96 ಫ್ರೇಮ್ ಶೂಟ್ ಮಾಡಿ, 24ರಲ್ಲಿ ಓಡಿಸುವುದು. ಆಗ ನೀರಿಗೆ ತೂಕ ಬರುತ್ತಿತ್ತು. ಆದರೂ ಹನಿಗಳು ಗುಟ್ಟು ಬಿಟ್ಟುಕೊಡುತ್ತಿದ್ದವು. ಸರ್ಫೇಸ್ ಟೆನ್ಷನ್ ಅಳತೆಗೆ ತಕ್ಕಂತೆ ಕುಗ್ಗುವುದಿಲ್ಲವಲ್ಲ, ಹನಿಯ ಗಾತ್ರ ಅಷ್ಟೇ ಇರುತ್ತದೆ. ಇಷ್ಟು ಹೊತ್ತಿಗೆ ಸಿವಿಲ್‌ನವರಿಗೆ ಗೊತ್ತಾಗಿರಬೇಕು, ಇದು ಫ್ರೌಡ್ ನಿಯಮ. ಮಂಡ್ಯ ಜಿಲ್ಲೆಯ ಕೃಷ್ಣರಾಜಸಾಗರದಲ್ಲಿ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಅಣೆಕಟ್ಟು, ಕೋಡಿಗಳ ಚಿಕ್ಕ ಮಾದರಿ ಕಟ್ಟಿ ನೀರು ಹರಿಸಿ ಪರೀಕ್ಷೆ ಮಾಡುತ್ತಾರೆ. ಅವರು ಅಳತೆ ಪರಿವರ್ತಿಸುವುದು ಇದೇ ನಿಯಮದಿಂದ. ಅವಕಾಶ ಸಿಕ್ಕರೆ ಇಂಥ ಹೈಡ್ರಾಲಿಕ್ ಮಾದರಿಯನ್ನು ಕಣ್ಣಾರೆ ನೋಡಿ. ನೀರಿನ ಎಫ್‌ಎಕ್ಸ್, ಅಂದರೆ ಇಂಥ ಸಿಮ್ಯುಲೇಷನ್ ಕೆಲಸ, ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಈ ನಡುವೆ ಒಬ್ಬರು ಚೀಟಿ ಕಳಿಸಿದ್ದಾರೆ. ಭೌತಶಾಸ್ತ್ರದ ಪ್ರಕಾರ ಸರಿ ಮಾಡಿದರೆ ಸಾಕಲ್ವಾ ಸರ್, ಅದರಲ್ಲಿ ಕಲೆ ಎಲ್ಲಿ ಬಂತು ಅಂತ. ಒಳ್ಳೆಯ ಪ್ರಶ್ನೆ. ಸಾಕಾಗುವುದಿಲ್ಲ. ಬ್ಲ್ಯಾಕ್ ಹೋಲ್ ತೋರಿಸಿದ ಇಂಟರ್‌ಸ್ಟೆಲರ್ ಚಿತ್ರವನ್ನು ಬಹಳ ಜನ ನೋಡಿದ್ದೀರಿ. ಲಂಡನ್ನಿನ ಡಬಲ್ ನೆಗೆಟಿವ್ ಸ್ಟುಡಿಯೋದವರು ಭೌತವಿಜ್ಞಾನಿ ಕಿಪ್ ಥಾರ್ನ್ ಜೊತೆ ಕೂತು, ಬಾಗಿದ ಬೆಳಕಿನ ದಾರಿಯನ್ನು ಲೆಕ್ಕ ಹಾಕಿ ಚಿತ್ರ ತಯಾರಿಸುವ ಹೊಸ ಪ್ರೋಗ್ರಾಂ, ಅಂದರೆ ರೆಂಡರರ್, ಬರೆದರು. 2015ರಲ್ಲಿ ಅದರ ಮೇಲೆ ಒಂದು ಭೌತಶಾಸ್ತ್ರ ಪತ್ರಿಕೆಯಲ್ಲಿ ಪ್ರಬಂಧವೂ ಬಂತು. ಸ್ಟುಡಿಯೋದ ಜನ ಮತ್ತು ಕಿಪ್ ಥಾರ್ನ್ ಒಟ್ಟಿಗೆ ಅದರ ಲೇಖಕರು. ಇಷ್ಟೆಲ್ಲ ಮಾಡಿದವರು ಸಿನಿಮಾದಲ್ಲಿ ಒಂದು ವಿಷಯ ಬೇಕಂತಲೇ ಬಿಟ್ಟರು. ಬ್ಲ್ಯಾಕ್ ಹೋಲ್ ಸುತ್ತ ವೇಗವಾಗಿ ತಿರುಗುವ ಅನಿಲದ ತಟ್ಟೆ ನಿಜವಾಗಿ ಒಂದು ಪಕ್ಕ ಹೆಚ್ಚು ಬೆಳಗಿ ನೀಲಿಯಾಗಬೇಕು, ಇನ್ನೊಂದು ಪಕ್ಕ ಮಂಕಾಗಬೇಕು. ಡಾಪ್ಲರ್ ಪರಿಣಾಮ. ನೋಡುವವರಿಗೆ ಗೊಂದಲ ಆಗುತ್ತದೆ ಅಂತ ಅದನ್ನು ತೆಗೆದರು. ಪ್ರಬಂಧದಲ್ಲಿ ಪೂರ್ತಿ ಸತ್ಯ, ತೆರೆಯ ಮೇಲೆ ಕಥೆಗೆ ಬೇಕಾದಷ್ಟು. ಇಂಜಿನಿಯರ್‌ಗಳಿಗೆ ಈ ಕ್ಷೇತ್ರದಲ್ಲಿ ಕಷ್ಟವಾಗುವುದು ಇಲ್ಲೇ. ಪರೀಕ್ಷೆಯಲ್ಲಿ ಉತ್ತರ ಸರಿಯಿದ್ದರೆ ಅಂಕ ಬರುತ್ತಿತ್ತು. ಇಲ್ಲಿ ಸರಿಯಾದ ನೀರನ್ನು ತೋರಿಸಿದಾಗ ಸೂಪರ್‌ವೈಸರ್, ಇನ್ನೂ ಸ್ವಲ್ಪ ಸಿಟ್ಟು ಬರಲಿ ನೀರಿಗೆ ಅನ್ನಬಹುದು. ಆ ಸಿಟ್ಟು ಯಾವ ಅಂಕಿಯಲ್ಲಿದೆ ಅಂತ ಹುಡುಕುವುದೇ ನಿಮ್ಮ ಕೆಲಸ. ಗುರುತ್ವವೋ, ಹರಿವಿನ ವೇಗವೋ, ನೊರೆಯ ಪ್ರಮಾಣವೋ? ಅದಕ್ಕೆ ಕಣ್ಣು ಪಳಗಬೇಕು. ಜೋಗಕ್ಕೆ ಹೋದಾಗ ಸೆಲ್ಫಿ ಒಂದು ತೆಗೆದು ಬರಬೇಡಿ. ಅರ್ಧ ಗಂಟೆ ಸುಮ್ಮನೆ ನಿಂತು ನೀರು ಎಲ್ಲಿ ಒಡೆದು ಬಿಳಿಯಾಗುತ್ತದೆ, ಎಲ್ಲಿ ಹೊಗೆಯ ಹಾಗಾಗುತ್ತದೆ ಅಂತ ನೋಡಿ.

ನೀರು ಹರಿಯಿತು. ಈಗ ಬೆಳಕು. ವಿಟಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದ ಹಲವು ಬ್ಯಾಚುಗಳು ಗ್ರಾಫಿಕ್ಸ್ ಲ್ಯಾಬ್‌ನಲ್ಲಿ ಟೀಪಾಟ್ ಬಿಡಿಸುವ ಪ್ರೋಗ್ರಾಂ ಮಾಡಿವೆ. ಒಂದು ಸಾಲು ಬರೆದರೆ ಟೀಪಾಟ್ ಬರುತ್ತದೆ. ಆ ಟೀಪಾಟ್ ಎಲ್ಲಿಂದ ಬಂತು? ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಮಾರ್ಟಿನ್ ನ್ಯೂಯೆಲ್ ತಮ್ಮ ಮನೆಯ ಟೀಪಾಟನ್ನೇ ನೋಡಿ ಗ್ರಾಫ್ ಹಾಳೆಯಲ್ಲಿ ಬರೆದುಕೊಂಡು ಕಂಪ್ಯೂಟರಿಗೆ ಹಾಕಿದ್ದು. ಆ ಕಾಲದಲ್ಲಿ ಆ ವಿಭಾಗ ಒಂದು ಗಣಿಯಾಗಿತ್ತು. ಅಲ್ಲೇ 1974ರಲ್ಲಿ ಪಿಎಚ್‌ಡಿ ಮುಗಿಸಿದ ಎಡ್ ಕ್ಯಾಟ್ಮುಲ್ ವಸ್ತುವಿನ ಮೇಲೆ ಚಿತ್ರ ಹೊದಿಸುವ ಟೆಕ್ಸ್‌ಚರ್ ಮ್ಯಾಪಿಂಗ್, ಯಾವುದು ಮುಂದೆ ಯಾವುದು ಹಿಂದೆ ಎಂದು ನೋಡುವ ಝಡ್-ಬಫರ್ ಬಗ್ಗೆ ಕೆಲಸ ಮಾಡಿದರು, ಮುಂದೆ ಪಿಕ್ಸಾರ್ ಅನಿಮೇಷನ್ ಸ್ಟುಡಿಯೋ ಕಟ್ಟಿದವರಲ್ಲಿ ಒಬ್ಬರಾದರು. ಅವರಿಗೂ ಪಿಕ್ಸಾರ್‌ನ ರೆಂಡರರ್ ಆದ ರೆಂಡರ್‌ಮ್ಯಾನ್ ರೂಪಿಸಿದ ಪ್ಯಾಟ್ ಹ್ಯಾನ್ರಹಾನ್ ಅವರಿಗೂ 2019ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. ಕಂಪ್ಯೂಟರ್ ಸೈನ್ಸ್‌ನ ಅತಿ ದೊಡ್ಡ ಪ್ರಶಸ್ತಿ ಸಿನಿಮಾಕ್ಕೆ ಚಿತ್ರ ಮಾಡುವ ಗಣಿತಕ್ಕೆ ಬಂದಿದೆ ಅನ್ನುವುದನ್ನು ಮನೆಯಲ್ಲಿ ಅಪ್ಪ-ಅಮ್ಮನಿಗೂ ಹೇಳಿ. ಬಹಳ ಮನೆಗಳಲ್ಲಿ ಇದು ಕೆಲಸವೇ ಅಲ್ಲ ಅನ್ನುವ ಅಭಿಪ್ರಾಯ ಇದೆ.

ಎಲೆಕ್ಟ್ರಾನಿಕ್ಸ್‌ನವರಿಗೆ ಇಲ್ಲಿ ಜಾಸ್ತಿ ವಿವರಿಸಬೇಕಿಲ್ಲ. ಸ್ಯಾಂಪ್ಲಿಂಗ್, ಅಲಿಯಾಸಿಂಗ್, ಕನ್ವಲ್ಯೂಷನ್, ನಾಯ್ಸ್ ಇವೆಲ್ಲ ಸಿಗ್ನಲ್ಸ್ ಪೇಪರಿನಲ್ಲಿ ಇದ್ದವೇ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದಲ್ಲ, ಅದು ಅಲಿಯಾಸಿಂಗ್. ಕಾಂಪೋಸಿಟಿಂಗ್‌ನಲ್ಲಿ, ಅಂದರೆ ಪದರಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವಾಗ, ಚಿತ್ರವನ್ನು ಮಸುಕು ಮಾಡುವುದು ಕನ್ವಲ್ಯೂಷನ್. ಪ್ಲೇಟಿನ ಮೇಲಿರುವ ಕ್ಯಾಮೆರಾ ನಾಯ್ಸ್ ಅನ್ನೇ ನಮ್ಮ ನೀರಿನ ಮೇಲೂ ಕೂರಿಸದಿದ್ದರೆ ಅದು ಅಂಟಿಸಿದ ಹಾಗೆ ಕಾಣುತ್ತದೆ.

ಈಗ ಬರುವುದು ಹೊರಗಿನವರಿಗೆ ಕಾಣದ, ಆದರೆ ಇಂಜಿನಿಯರ್‌ಗಳಿಗೆ ಅತಿ ಹೆಚ್ಚು ಕೆಲಸ ಇರುವ ಜಾಗ. ಪೈಪ್‌ಲೈನ್, ಅಂದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ದಾಟುವ ವ್ಯವಸ್ಥೆ. ಐದು ಸೆಕೆಂಡು ಅಂದರೆ 120 ಫ್ರೇಮ್. ಒಂದು ಫ್ರೇಮ್ ರೆಂಡರ್ ಆಗಲು 2 ಗಂಟೆ ಅಂತಿಟ್ಟುಕೊಳ್ಳಿ. ಒಂದೇ ಮಷೀನಿನಲ್ಲಿ 240 ಗಂಟೆ, ಅಂದರೆ 10 ದಿನ. 40 ಮಷೀನಿಗೆ ಹಂಚಿದರೆ 6 ಗಂಟೆ. ಹಂಚುವುದು ಯಾರು? ರಾತ್ರಿ ಎರಡು ಗಂಟೆಗೆ 17ನೇ ಮಷೀನಿನ ಮೆಮೊರಿ ತುಂಬಿ ನಿಂತರೆ ಆ ಫ್ರೇಮನ್ನು ಬೇರೆಯದಕ್ಕೆ ಕಳಿಸುವುದು ಯಾರು? 2048 × 1080ರ ಒಂದು ಚಿತ್ರ, ಮೂರು ಬಣ್ಣ, ಒಂದೊಂದಕ್ಕೆ 16 ಬಿಟ್ ಅಂದರೆ ಕುಗ್ಗಿಸದೆ ಸುಮಾರು 13 ಎಂಬಿ. ಒಂದು ಫ್ರೇಮಿಗೆ ಇಂಥ ಹತ್ತಾರು ಪದರ. ನೀರಿನ ಸಿಮ್ಯುಲೇಷನ್ ಫೈಲುಗಳು ಇದಕ್ಕಿಂತ ಎಷ್ಟೋ ದೊಡ್ಡವು. ಪ್ರತಿಯೊಂದಕ್ಕೂ ಹತ್ತಿಪ್ಪತ್ತು ವರ್ಷನ್. ಲೈಟಿಂಗ್‌ನವರು ನೀರಿನ 11ನೇ ವರ್ಷನ್ ಹಿಡಿದು ಕೂತಿದ್ದಾರೆ, ಎಫ್‌ಎಕ್ಸ್‌ನವರು 14ಕ್ಕೆ ಹೋಗಿದ್ದಾರೆ. ಇಂಥ ಗೊಂದಲ ಆಗದ ಹಾಗೆ ನೋಡಿಕೊಳ್ಳುವ ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಬರೆಯುವವರು ಪೈಪ್‌ಲೈನ್ ಟಿಡಿಗಳು, ಅಂದರೆ ಟೆಕ್ನಿಕಲ್ ಡೈರೆಕ್ಟರ್‌ಗಳು. ಬಹುಪಾಲು ಪೈಥಾನ್, ಲಿನಕ್ಸ್, ಡೇಟಾಬೇಸ್. ವೇಗ ಬೇಕಾದಲ್ಲಿ ಸಿ++. ಚಿತ್ರ ಬರೆಯಲು ಬರದಿದ್ದರೂ ನಡೆಯುತ್ತದೆ. ಪಕ್ಕದಲ್ಲಿ ಕೂತ ಆರ್ಟಿಸ್ಟ್‌ನ ತೊಂದರೆ ಏನು ಅಂತ ತಾಳ್ಮೆಯಿಂದ ಕೇಳಲು ಬರಬೇಕು. ಇದು ಸಣ್ಣ ಗುಣ ಅಲ್ಲ. ಒಳ್ಳೆಯ ಕೋಡ್ ಬರೆಯುವ ಎಷ್ಟೋ ಜನ ಇದೊಂದು ಇಲ್ಲದೆ ಸೋಲುವುದನ್ನು ನೋಡಿದ್ದೇನೆ.

ಈ ಲೋಕದ ಮುಖ್ಯ ಸಾಧನಗಳಲ್ಲಿ ಬಹಳಷ್ಟು ಓಪನ್ ಸೋರ್ಸ್ ಅನ್ನುವುದು ನಿಮಗೆ ದೊಡ್ಡ ಅನುಕೂಲ. ಚಿತ್ರದ ಫೈಲಿಗೆ ಓಪನ್‌ಇಎಕ್ಸ್‌ಆರ್, ಐಎಲ್‌ಎಂ ಎಂಬ ವಿಎಫ್‌ಎಕ್ಸ್ ಸ್ಟುಡಿಯೋದವರು 2003ರಲ್ಲಿ ಬಿಟ್ಟದ್ದು. ಹೊಗೆ, ಮೋಡಗಳಿಗೆ ಓಪನ್‌ವಿಡಿಬಿ, ಡ್ರೀಮ್‌ವರ್ಕ್ಸ್‌ನಿಂದ 2012ರಲ್ಲಿ. ಇಡೀ ದೃಶ್ಯವನ್ನು ಹಿಡಿದಿಡುವ ಯುಎಸ್‌ಡಿ, ಪಿಕ್ಸಾರ್‌ನಿಂದ 2016ರಲ್ಲಿ. ಇವುಗಳಲ್ಲಿ ಹಲವನ್ನು ನೋಡಿಕೊಳ್ಳಲು 2018ರಲ್ಲಿ ಅಕಾಡೆಮಿ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿತು, ಆಸ್ಕರ್ ಕೊಡುವ ಅಕಾಡೆಮಿ ಮತ್ತು ಲಿನಕ್ಸ್ ಫೌಂಡೇಶನ್ ಸೇರಿ ಮಾಡಿದ್ದು. ಹಾಸ್ಟೆಲ್ಲಿನಲ್ಲಿ ಕೂತು ಈ ಕೋಡ್ ಓದಬಹುದು. ಸಣ್ಣ ದೋಷ ಸರಿಮಾಡಿ ಕಳಿಸಬಹುದು. ಸ್ಟುಡಿಯೋದವರು ದಿನವೂ ಬಳಸುವ ಸಾಧನದಲ್ಲಿ ನಿಮ್ಮ ಹೆಸರಿನ ನಾಲ್ಕು ಸಾಲು ಇದ್ದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ನಮ್ಮ ದೇಶದವರು ಈ ದಾರಿಯಲ್ಲಿ ಎಲ್ಲಿಗೆ ಮುಟ್ಟಿದ್ದಾರೆ ನೋಡಿ. ಆಸ್ಕರ್ ಅಕಾಡೆಮಿ ಪ್ರತಿವರ್ಷ ವಿಜ್ಞಾನ ಮತ್ತು ತಂತ್ರಜ್ಞಾನದ ಪ್ರಶಸ್ತಿಗಳನ್ನೂ ಕೊಡುತ್ತದೆ, ಟಿವಿಯಲ್ಲಿ ಅಷ್ಟಾಗಿ ತೋರಿಸುವುದಿಲ್ಲ. 2016ರಲ್ಲಿ ತೂತ್ತುಕುಡಿಯ ಕೊಟ್ಟಲಾಂಗೊ ಲಿಯಾನ್ ಅವರಿಗೆ ಬಂತು, ಶಾಟ್‌ಗಳನ್ನು ಕೂತು ಪರಿಶೀಲಿಸುವ ಸಾಫ್ಟ್‌ವೇರ್‌ಗೆ. 2017ರಲ್ಲಿ ಬಿಟ್ಸ್ ಪಿಲಾನಿಯಲ್ಲಿ ಓದಿದ ಕಿರಣ್ ಭಟ್ ಮತ್ತು ಖರಗ್‌ಪುರ ಐಐಟಿಯಲ್ಲಿ ಓದಿದ ಪರಾಗ್ ಹವಾಲ್ದಾರ್ ಅವರಿಗೆ, ನಟರ ಮುಖಭಾವವನ್ನು ಡಿಜಿಟಲ್ ಪಾತ್ರಕ್ಕೆ ದಾಟಿಸುವ ಬೇರೆ ಬೇರೆ ತಂತ್ರಗಳಿಗೆ. 2018ರಲ್ಲಿ ಪುಣೆಯ ವಿಕಾಸ್ ಸಾಠ್ಯೆ ಅವರಿಗೆ, ಹೆಲಿಕಾಪ್ಟರಿನಲ್ಲಿ ಅಲುಗಾಡದೆ ನಿಲ್ಲುವ ಕ್ಯಾಮೆರಾ ವ್ಯವಸ್ಥೆಗೆ. ಅವರು ಓದಿದ್ದು ಇನ್‌ಸ್ಟ್ರುಮೆಂಟೇಷನ್ ಇಂಜಿನಿಯರಿಂಗ್. ಇವರಲ್ಲಿ ಯಾರೂ ಪೆನ್ಸಿಲ್ ಚಿತ್ರದಿಂದ ಅಲ್ಲಿಗೆ ಹೋಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ. ಈ ಉದ್ಯಮ ಅಲುಗಾಡುವ ನೆಲದ ಮೇಲೆ ನಿಂತಿದೆ. 2013ರಲ್ಲಿ ರಿದಮ್ ಅಂಡ್ ಹ್ಯೂಸ್ ಎಂಬ ದೊಡ್ಡ ಸ್ಟುಡಿಯೋ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಅದು ಕೆಲಸ ಮಾಡಿದ ಲೈಫ್ ಆಫ್ ಪೈ ಚಿತ್ರಕ್ಕೆ ವಿಎಫ್‌ಎಕ್ಸ್ ಆಸ್ಕರ್ ಬಂತು. ಅದಕ್ಕೆ ಹೈದರಾಬಾದ್, ಮುಂಬೈಗಳಲ್ಲೂ ಶಾಖೆಗಳಿದ್ದವು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಗ್ರೂಪ್ ಕುಸಿದಾಗ ನಮ್ಮ ಬೆಂಗಳೂರಿನ ಸ್ಟುಡಿಯೋ ಕೂಡ ಬಾಗಿಲು ಹಾಕಿತು. ಸಾವಿರಾರು ಜನ, ಒಳ್ಳೆಯ ಕೆಲಸಗಾರರು, ಒಮ್ಮೆಲೇ ಬೀದಿಗೆ ಬಂದರು. ಕಾರಣ ಸರಳ. ಸ್ಟುಡಿಯೋಗಳು ಒಂದು ಶಾಟ್‌ಗೆ ಇಷ್ಟು ಅಂತ ಮೊದಲೇ ಬೆಲೆ ಒಪ್ಪಿಕೊಳ್ಳುತ್ತವೆ. ಆಮೇಲೆ ನಿರ್ದೇಶಕರು ಎಷ್ಟು ಸಲ ಬದಲಿಸಿದರೂ ಬಹಳ ಸಲ ಹೆಚ್ಚಿನ ಹಣ ಬರುವುದಿಲ್ಲ. ಲಾಭದ ಅಂಚು ತೆಳು. ಡೆಲಿವರಿ ಹತ್ತಿರ ಬಂದಾಗ ರಾತ್ರಿ-ಹಗಲು ದುಡಿಮೆ. ಕೆಲಸಕ್ಕೆ ಸೇರುವ ಮುಂಚೆ ಓವರ್‌ಟೈಮ್ ಬಗ್ಗೆ, ಕಾಂಟ್ರ್ಯಾಕ್ಟ್ ಎಷ್ಟು ತಿಂಗಳಿನದು ಎನ್ನುವ ಬಗ್ಗೆ, ಸಂಕೋಚವಿಲ್ಲದೆ ಕೇಳಿ.

ಇಂಜಿನಿಯರ್ ಆಗಿಯೇ ಬನ್ನಿ ಅನ್ನುವುದಕ್ಕೆ ಇದೂ ಒಂದು ಕಾರಣ. ನೆಲ ಅಲುಗಾಡಿದಾಗ ನಿಮ್ಮ ಕೈಯಲ್ಲಿ ಬೇರೆ ಕಡೆಗೂ ಹೊಂದುವ ವಿದ್ಯೆ ಇರಬೇಕು. ಸಿಮ್ಯುಲೇಷನ್ ಬಲ್ಲವರು ಗೇಮ್ ಕಂಪನಿಗೂ ಹೋಗಬಹುದು, ಕಾರು ಮಾಡುವ ಕಂಪನಿಗೂ ಹೋಗಬಹುದು. ಈಗ ಹೇಳಿದ ಯುಎಸ್‌ಡಿಯನ್ನು ಬೆಳೆಸಲು 2023ರಲ್ಲಿ ಪಿಕ್ಸಾರ್, ಅಡೋಬಿ, ಆಪಲ್, ಆಟೋಡೆಸ್ಕ್, ಎನ್‌ವಿಡಿಯಾ ಒಂದು ಒಕ್ಕೂಟ ಮಾಡಿಕೊಂಡವು. ಸಿನಿಮಾಕ್ಕೆ ಹುಟ್ಟಿದ ಫೈಲ್ ಈಗ ಕಾರ್ಖಾನೆ, ರೋಬಾಟ್‌ಗಳ ಮಾದರಿಗೂ ಬಳಕೆಯಾಗುತ್ತಿದೆ.

ಎಐ ಬಗ್ಗೆ ಕೇಳಿಯೇ ಕೇಳುತ್ತೀರಿ. ಭಾರತಕ್ಕೆ ವರ್ಷಗಟ್ಟಲೆ ಬಂದ ಕೆಲಸದಲ್ಲಿ ದೊಡ್ಡ ಪಾಲು ರೋಟೋ ಮತ್ತು ಪೇಂಟ್. ಫ್ರೇಮಿಗೆ ಫ್ರೇಮ್ ನಟನ ಅಂಚು ಕತ್ತರಿಸುವುದು, ಹಗ್ಗ, ವೈರು ಅಳಿಸುವುದು. ಯಂತ್ರಕ್ಕೆ ಮೊದಲು ಹೋಗುವ ಕೆಲಸ ಇದೇ. ಕಾಂಪೋಸಿಟಿಂಗ್‌ಗೆ ಬಳಸುವ ನ್ಯೂಕ್ ಸಾಫ್ಟ್‌ವೇರ್‌ನಲ್ಲಿ 2021ರಲ್ಲೇ ಕಾಪಿಕ್ಯಾಟ್ ಎಂಬ ಸಾಧನ ಬಂತು. ಕೆಲವು ಫ್ರೇಮ್ ನೀವು ಮಾಡಿ ತೋರಿಸಿದರೆ, ಆ ಶಾಟ್‌ಗೇ ಒಂದು ಸಣ್ಣ ನ್ಯೂರಲ್ ನೆಟ್‌ವರ್ಕ್ ತರಬೇತಿ ಪಡೆದು ಉಳಿದವನ್ನು ಮಾಡುತ್ತದೆ. ಆದ್ದರಿಂದ ಬರೀ ರೋಟೋ ಕಲಿಸುವ ಕೋರ್ಸ್‌ಗೆ ಸಾಲ ಮಾಡಿ ಸೇರಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಶೇಕಡಾ ನೂರು ಪ್ಲೇಸ್‌ಮೆಂಟ್ ಅಂತ ಬೋರ್ಡ್ ಹಾಕಿರುವ ಕಡೆ, ಹೋದ ವರ್ಷ ಮುಗಿಸಿದ ನಾಲ್ಕು ವಿದ್ಯಾರ್ಥಿಗಳ ಜೊತೆ ಮಾತಾಡಿಸಿ ಅಂತ ಕೇಳಿ. ಮಾತಾಡಿಸದಿದ್ದರೆ ಎದ್ದು ಬನ್ನಿ.

ನಮ್ಮ ರಾಜ್ಯ 2012ರಲ್ಲೇ ಈ ಉದ್ಯಮಕ್ಕೆ ಒಂದು ನೀತಿ ತಂದಿತು. ಈಗ ನಡೆಯುತ್ತಿರುವುದು 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ, ಅಂದರೆ ಅನಿಮೇಷನ್, ವಿಎಫ್‌ಎಕ್ಸ್, ಗೇಮ್, ಕಾಮಿಕ್ಸ್ ಮತ್ತು ಎಕ್ಸ್‌ಟೆಂಡೆಡ್ ರಿಯಾಲಿಟಿಯದು. ಅದನ್ನು ಓದಿ, ನಿಮ್ಮ ಪ್ರಿನ್ಸಿಪಾಲರಿಗೂ ಓದಲು ಕೊಡಿ. ಕಾಲೇಜು ಕೇಳದೆ ಯಾವ ನೀತಿಯೂ ಬೆಂಗಳೂರಿನಿಂದ ಇಲ್ಲಿವರೆಗೆ ನಡೆದು ಬರುವುದಿಲ್ಲ.

ಈಗ ಏನು ಮಾಡಬೇಕು ಅಂತ ಕೇಳುವಿರಿ. 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಉಚಿತ, ಓಪನ್ ಸೋರ್ಸ್. ಎಫ್‌ಎಕ್ಸ್‌ಗೆ ಹುಡಿನಿ ಸಾಫ್ಟ್‌ವೇರ್ ಬೇಕು. ಅದರ ಅಪ್ರೆಂಟಿಸ್ ಆವೃತ್ತಿ ಕಲಿಯುವವರಿಗೆ ಉಚಿತ, ಚಿತ್ರದ ಮೇಲೆ ವಾಟರ್‌ಮಾರ್ಕ್ ಬರುತ್ತದೆ. ನ್ಯೂಕ್‌ಗೂ ಹಣ ಕೊಡದೆ ಕಲಿಯುವ ಆವೃತ್ತಿ ಇದೆ. ಪೈಥಾನ್ ಈಗಲೇ ಶುರು ಮಾಡಿ. ಲೀನಿಯರ್ ಆಲ್ಜೀಬ್ರಾದಲ್ಲಿ ಪಾಸಾದರೆ ಸಾಕು ಅನ್ನುವುದನ್ನು ಬಿಡಿ. ಮ್ಯಾಟ್ರಿಕ್ಸ್ ಒಂದು ವಸ್ತುವನ್ನು ಹೇಗೆ ತಿರುಗಿಸುತ್ತದೆ ಅಂತ ತೆರೆಯ ಮೇಲೆ ಕಾಣುವ ಹಾಗೆ ಸ್ವಂತ ಪ್ರೋಗ್ರಾಂ ಬರೆಯಿರಿ. ಮುಂದೆ ಒಂದು ಸಣ್ಣ ರೇ ಟ್ರೇಸರ್, ಅಂದರೆ ಬೆಳಕಿನ ಕಿರಣಗಳ ದಾರಿ ಹಿಡಿದು ಚಿತ್ರ ಮಾಡುವ ಪ್ರೋಗ್ರಾಂ. ಮೂರು ಗೋಲ, ಒಂದು ನೆಲ, ಒಂದು ದೀಪ ಸಾಕು.

ಫೈನಲ್ ಇಯರ್ ಪ್ರಾಜೆಕ್ಟ್ ದುಡ್ಡು ಕೊಟ್ಟು ತರಬೇಡಿ. ಒಂದು ಐಡಿಯಾ ಕೊಡುತ್ತೇನೆ, ಬೇಕಾದವರು ತೆಗೆದುಕೊಳ್ಳಿ. ಇಸ್ರೋದ ಭುವನ್ ಪೋರ್ಟಲ್‌ನಲ್ಲಿ ಕಾರ್ಟೋಸ್ಯಾಟ್ ಉಪಗ್ರಹದಿಂದ ತಯಾರಾದ ನೆಲದ ಎತ್ತರದ ಮಾಹಿತಿ ಸಿಗುತ್ತದೆ. ನಿಮ್ಮ ಊರಿನ ಪಕ್ಕದ ಕೆರೆ, ಗುಡ್ಡದ ಭಾಗ ಇಳಿಸಿಕೊಳ್ಳಿ. ಅದನ್ನು ಹುಡಿನಿಗೆ ತರುವ ಪೈಥಾನ್ ಬರೆಯಿರಿ. ಕೆರೆ ಕೋಡಿ ಒಡೆದರೆ ನೀರು ಯಾವ ಕಡೆ ಹರಿಯುತ್ತದೆ ಅಂತ ಸಿಮ್ಯುಲೇಟ್ ಮಾಡಿ. ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ನ ಒಬ್ಬೊಬ್ಬರು ಸೇರಿ ಮಾಡಿದರೆ ಇನ್ನೂ ಒಳ್ಳೆಯದು, ಸ್ಟುಡಿಯೋದಲ್ಲಿ ತಂಡ ಹಾಗೇ ಇರುತ್ತದೆ. ಅದೇ ಸಿಮ್ಯುಲೇಷನ್ ಅನ್ನು ಫೋನಿನಲ್ಲಿ ತೆಗೆದ ಊರಿನ ವಿಡಿಯೋದ ಮೇಲೆ ಕೂರಿಸಿ. ಗ್ರಾಮ ಪಂಚಾಯಿತಿಗೂ ತೋರಿಸಬಹುದು, ಸ್ಟುಡಿಯೋಗೂ ತೋರಿಸಬಹುದು.

ಕೊನೆಯದಾಗಿ ಡೆಮೊ ರೀಲ್, ಅಂದರೆ ಕೆಲಸ ಕೇಳುವಾಗ ತೋರಿಸುವ ನಿಮ್ಮ ಶಾಟ್‌ಗಳ ವಿಡಿಯೋ. ಒಂದು ನಿಮಿಷ ಸಾಕು. ನಿಮ್ಮ ಅತ್ಯುತ್ತಮ ಶಾಟ್ ಮೊದಲೇ ಬರಲಿ, ಎಷ್ಟೋ ಜನ ಹತ್ತು ಸೆಕೆಂಡಿನ ಮೇಲೆ ನೋಡುವುದಿಲ್ಲ. ಅಬ್ಬರದ ಸಂಗೀತ ಬೇಡ. ಟ್ಯುಟೋರಿಯಲ್ ನೋಡಿ ಮಾಡಿದ ಸ್ಫೋಟವನ್ನು ಹಾಕಬೇಡಿ. ನೋಡುವವರು ಅದೇ ಸ್ಫೋಟವನ್ನು ಬೇರೆ ಹೆಸರುಗಳಲ್ಲಿ ಆಗಲೇ ನೋಡಿರುತ್ತಾರೆ. ಗುಂಪಿನಲ್ಲಿ ಮಾಡಿದ್ದಾದರೆ ಇದರಲ್ಲಿ ನಾನು ಮಾಡಿದ್ದು ಇಷ್ಟು ಅಂತ ತೆರೆಯ ಮೇಲೇ ಬರೆಯಿರಿ. ಟಿಡಿ ಕೆಲಸಕ್ಕೆ ಅರ್ಜಿ ಹಾಕುವವರು ಕೋಡ್ ಇರುವ ಗಿಟ್‌ಹಬ್ ಕೊಂಡಿ ಕೊಡಿ. ಆ ನೀರಿನ ಶಾಟ್‌ಗೆ ಎಷ್ಟು ಘನ, ಎಷ್ಟು ಗಂಟೆ, ಎಷ್ಟು ಮೆಮೊರಿ ಹಿಡಿಯಿತು, ಅದನ್ನು ಹೇಗೆ ಕಡಿಮೆ ಮಾಡಿದಿರಿ ಅಂತ ಅರ್ಧ ಪುಟ ಬರೆದಿಡಿ. ಇಂಟರ್‌ವ್ಯೂನಲ್ಲಿ ನಾನಾದರೆ ಮೊದಲು ಕೇಳುವುದು ಅದನ್ನೇ.